ಬೆನ್ನು ನೋವಿಗೆ ಇನ್ವರ್ಷನ್ ಟೇಬಲ್: ಕೊಳ್ಳುವ ಮುಂಚೆ ಏನೇನು ನೋಡಬೇಕು

ಇನ್ವರ್ಷನ್ ಟೇಬಲ್ ಅಂದರೆ ಕಾಲನ್ನು ಬಿಗಿದು ಮಲಗಿ, ತಲೆಯ ಕಡೆ ಕೆಳಗೆ ಇಳಿಯುವಂತೆ ತಿರುಗುವ ಹಾಸಿಗೆ. ಅದನ್ನು ತಗೊಳ್ಳಬೇಕು ಅಂತ ಬರುವವರು ಮೊದಲು ಕೇಳುವುದು, ಅದು ಪೂರ್ತಿ ತಲೆಕೆಳಗಾಗುತ್ತದಾ ಅಂತ. ನಾನು ಅವರಿಗೆ ಕೇಳುವ ಪ್ರಶ್ನೆ ಬೇರೆ. ಅದು ಅರ್ಧದಲ್ಲಿ ನಿಲ್ಲುತ್ತದಾ? ಸಾಕು ಅನ್ನಿಸಿದ ಕೂಡಲೇ ನೀವೊಬ್ಬರೇ ಮೇಲೆ ಬರೋಕೆ ಆಗುತ್ತದಾ? ಎರಡಕ್ಕೂ ಹೌದು ಅಂತ ಉತ್ತರ ಬಂದರೆ ಮುಂದೆ ಮಾತಾಡೋಣ. ಬಣ್ಣ, ಬ್ರಾಂಡು, ಮಸಾಜ್ ಪ್ಯಾಡು ಎಲ್ಲ ಆಮೇಲಿನ ಮಾತು.

ನಾನು ಶಿವಮೊಗ್ಗದಲ್ಲಿ ಫಿಸಿಯೋಥೆರಪಿಸ್ಟ್. ಅಡಿಕೆ ಸುಗ್ಗಿ ಶುರುವಾಯಿತು ಅಂದರೆ ಮೆಟ್ಟುಗತ್ತಿ ಮುಂದೆ ಗಂಟೆಗಟ್ಟಲೆ ಕೂತು ಸೊಂಟ ಹಿಡಿದುಕೊಂಡ ಹೆಂಗಸರು ಬರುತ್ತಾರೆ. ಉಳಿದ ತಿಂಗಳಲ್ಲಿ ಬಸ್ ಡ್ರೈವರ್‌ಗಳು, ಟೈಲರ್‌ಗಳು, ದಿನವೆಲ್ಲ ಬೈಕಿನ ಮೇಲೇ ಇರುವ ಮೆಡಿಕಲ್ ರೆಪ್‌ಗಳು, ಮನೆಯಿಂದಲೇ ಕೆಲಸ ಮಾಡುವ ಸಾಫ್ಟ್‌ವೇರ್ ಹುಡುಗರು. ಈಗ ಇವರಲ್ಲಿ ತುಂಬಾ ಜನ ಮೊಬೈಲಿನಲ್ಲಿ ಜಾಹೀರಾತು ನೋಡಿ, ತರಿಸಲಾ ಬೇಡವಾ ಅಂತ ಕೇಳುತ್ತಾರೆ. ಅವರಿಗೆ ಕೂರಿಸಿಕೊಂಡು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಬೆನ್ನಿಗೆ ಇದರಿಂದ ಏನಾಗುತ್ತದೆ

ಬೆನ್ನುಮೂಳೆಯ ಮಣಿಗಳ ನಡುವಿನ ಡಿಸ್ಕ್ ನೀರು ಹೀರಿದ ಸ್ಪಂಜಿನ ಹಾಗೆ. ನಿಂತು ಕೂತು ಮಾಡುವಾಗ ಮೈಭಾರ ಬಿದ್ದು ನೀರು ಸ್ವಲ್ಪ ಸ್ವಲ್ಪವೇ ಹೊರಗೆ ಹೋಗುತ್ತದೆ. ರಾತ್ರಿ ಮಲಗಿದಾಗ ಮತ್ತೆ ತುಂಬಿಕೊಳ್ಳುತ್ತದೆ. ಬೆಳಿಗ್ಗೆ ಇದ್ದ ಎತ್ತರಕ್ಕಿಂತ ಸಂಜೆ ನಾವೆಲ್ಲ ಒಂದು ಸೆಂಟಿಮೀಟರ್, ಕೆಲವರು ಅದಕ್ಕಿಂತ ಜಾಸ್ತಿಯೇ, ಗಿಡ್ಡವಾಗಿರುವುದು ಇದರಿಂದಲೇ. ಸ್ವೀಡನ್ನಿನ ಮೂಳೆ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಜನರ ಸೊಂಟದ ಡಿಸ್ಕಿನೊಳಗೇ ಸೂಜಿ ಇಳಿಸಿ ಒತ್ತಡ ಅಳೆದರು. ಮಲಗಿದಾಗ ಒತ್ತಡ ಕಡಿಮೆ. ನಿಂತಾಗ ಜಾಸ್ತಿ. ಮುಂದಕ್ಕೆ ಬಾಗಿ ಕೂತಾಗ ಇನ್ನೂ ಜಾಸ್ತಿ. ಮೆಟ್ಟುಗತ್ತಿ ಮುಂದೆ, ಹೊಲಿಗೆ ಮೆಷಿನ್ ಮುಂದೆ ಕೂರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅವರ ಸೊಂಟಕ್ಕೇ ಗೊತ್ತು.

ಕಾಲನ್ನು ಮೇಲೆ ಹಿಡಿದಿಟ್ಟು ತಲೆಯ ಕಡೆ ಇಳಿಸಿದರೆ, ಸೊಂಟದಿಂದ ಆಚೆಗಿನ ಭಾರವೇ ಸೊಂಟವನ್ನು ಎಳೆಯುತ್ತದೆ. ಆಸ್ಪತ್ರೆಯಲ್ಲಿ ಕಾಲಿಗೆ ತೂಕ ಕಟ್ಟಿ ಟ್ರಾಕ್ಷನ್ ಹಾಕುತ್ತಾರಲ್ಲ, ಅದೇ ಕೆಲಸವನ್ನು ಇಲ್ಲಿ ನಮ್ಮ ಮೈ ಮಾಡುತ್ತದೆ. ಮಣಿಗಳ ನಡುವಿನ ಒತ್ತಡ ಇಳಿಯುತ್ತದೆ. ಬಿಗಿದುಕೊಂಡ ಸ್ನಾಯು ಸಡಿಲವಾಗುತ್ತದೆ. ನರದ ಮೇಲೆ ಒತ್ತು ಬೀಳುತ್ತಿದ್ದರೆ ಅದಕ್ಕೂ ಸ್ವಲ್ಪ ಜಾಗ ಸಿಗುತ್ತದೆ. ಎದ್ದು ನಿಂತು ಓಡಾಡಲು ಶುರು ಮಾಡಿದರೆ ಒತ್ತಡ ಮತ್ತೆ ಬರುತ್ತದೆ. ಅಂದರೆ ಇದು ಹೊತ್ತಿನ ಆರಾಮ. ಜಾರಿದ ಡಿಸ್ಕನ್ನು ಇದು ಒಳಗೆ ತಳ್ಳಿ ಕೂರಿಸುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಅಧ್ಯಯನಗಳು ಎರಡು ಕಡೆಗೂ ಇವೆ. ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಒಂದೇ ಡಿಸ್ಕ್‌ನಿಂದ ಸಯಾಟಿಕಾ (ಸೊಂಟದಿಂದ ಕಾಲಿಗೆ ಎಳೆಯುವ ನರದ ನೋವು) ಬಂದು ಆಪರೇಷನ್ನಿಗೆ ಕಾಯುತ್ತಿದ್ದವರ ಮೇಲೆ ಒಂದು ಪ್ರಯೋಗ ಮಾಡಿದರು. 2012ರಲ್ಲಿ ಅದು ಪ್ರಕಟವಾಯಿತು. ಫಿಸಿಯೋ ಜೊತೆ ಇನ್ವರ್ಷನ್ ಮಾಡಿದವರಲ್ಲಿ ಶೇಕಡ 77 ಜನಕ್ಕೆ ಆಪರೇಷನ್ ತಪ್ಪಿತು. ಬರೀ ಫಿಸಿಯೋ ಮಾಡಿದವರಲ್ಲಿ ಶೇಕಡ 22 ಜನಕ್ಕೆ ಮಾತ್ರ. ಜಾಹೀರಾತುಗಳಲ್ಲಿ ಈ 77 ಕಾಣಿಸುತ್ತದೆ. ಎರಡೂ ಗುಂಪು ಸೇರಿದರೂ ಜನ ಮೂವತ್ತರೊಳಗೆ ಅನ್ನುವುದು ಕಾಣಿಸುವುದಿಲ್ಲ. ಇನ್ನೊಂದು ಕಡೆ, ವಿಶ್ವ ಆರೋಗ್ಯ ಸಂಸ್ಥೆ 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟ ನೋವಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಟ್ರಾಕ್ಷನ್ ಮತ್ತು ಸೊಂಟದ ಬೆಲ್ಟನ್ನು ಎಲ್ಲರಿಗೂ ಕೊಡುವುದು ಬೇಡ ಎಂದಿದೆ. ವ್ಯಾಯಾಮಕ್ಕೆ, ನೋವಿನ ಬಗ್ಗೆ ತಿಳಿವಳಿಕೆ ಕೊಡುವುದಕ್ಕೆ ಒತ್ತು ಕೊಟ್ಟಿದೆ. ನಾನು ಎರಡನ್ನೂ ಒಪ್ಪುತ್ತೇನೆ. ಕಾಲಿಗೆ ಎಳೆಯುವ ನೋವಿರುವ ಕೆಲವರಿಗೆ ಇದರಿಂದ ಒಳ್ಳೆಯ ಆರಾಮ ಸಿಗುತ್ತದೆ. ಆ ಆರಾಮದ ಹೊತ್ತಿನಲ್ಲಿ ನಡಿಗೆ, ವ್ಯಾಯಾಮ ಮಾಡಿಸಿಬಿಟ್ಟರೆ ಲಾಭ. ಟೇಬಲ್ ಮೇಲೆ ಮಲಗಿ ಎದ್ದು ಮತ್ತೆ ಕುರ್ಚಿಗೆ ಹೋಗುವುದಾದರೆ ದುಡ್ಡು ದಂಡ.

ಕೊಳ್ಳಲೇಬಾರದವರು

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಟೇಬಲ್ಲಿನ ಬೆಲೆ ನೋಡುವ ಮುಂಚೆ ಇದನ್ನು ಓದಿ.

ಮೊದಲು ಕಣ್ಣು. ತಲೆ ಕೆಳಗಾದರೆ ಕಣ್ಣಿನೊಳಗಿನ ಒತ್ತಡ ಏರುತ್ತದೆ. ಚೆನ್ನೈನ ಶಂಕರ ನೇತ್ರಾಲಯದವರು ಶೀರ್ಷಾಸನ ಮಾಡುವವರ ಕಣ್ಣಿನ ಒತ್ತಡ ಅಳೆದು 2006ರಲ್ಲಿ ಪ್ರಕಟಿಸಿದರು. ಆಸನದಲ್ಲಿದ್ದಾಗ ಒತ್ತಡ ಎರಡು ಪಟ್ಟಾಗಿತ್ತು. ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುವ ಕಾಯಿಲೆ, ಇರುವವರಿಗೆ ಇದು ನೇರ ಅಪಾಯ. ಕಷ್ಟ ಏನೆಂದರೆ ಗ್ಲಾಕೋಮಾ ಶುರುವಿನಲ್ಲಿ ನೋವು ಕೊಡುವುದಿಲ್ಲ, ಇರುವುದೇ ಗೊತ್ತಾಗುವುದಿಲ್ಲ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಗ್ಲಾಕೋಮಾ ಇದ್ದವರು, ಜಾಸ್ತಿ ಮೈನಸ್ ನಂಬರಿನ ಕನ್ನಡಕ ಹಾಕುವವರು ಮೊದಲು ಕಣ್ಣಿನ ಡಾಕ್ಟರ ಹತ್ತಿರ ಒತ್ತಡವನ್ನೂ ರೆಟಿನಾವನ್ನೂ ತೋರಿಸಿಕೊಳ್ಳಿ. ಶುಗರ್ ಇದ್ದು ಕಣ್ಣಿನ ರಕ್ತನಾಳಕ್ಕೆ ತೊಂದರೆ ಶುರುವಾಗಿದ್ದರೆ ಈ ಯೋಚನೆ ಬಿಟ್ಟುಬಿಡಿ.

ಬಿಪಿ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಪಾರ್ಶ್ವವಾಯು ಆಗಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಬೇಡ. ಮೂಳೆ ಸವೆತ ಇರುವವರೂ ಬೇಡ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ತೆಳುವಾಗಿರುವುದು ಪರೀಕ್ಷೆ ಮಾಡಿಸದೆ ತಿಳಿಯುವುದಿಲ್ಲ, ಅದನ್ನು ನೆನಪಿಡಿ. ಎದೆಯುರಿ, ಹುಳಿತೇಗು, ಹಯಾಟಸ್ ಹರ್ನಿಯಾ (ಹೊಟ್ಟೆಯ ಭಾಗ ಎದೆಯೊಳಗೆ ಜಾರುವುದು) ಇದ್ದವರಿಗೆ ಹೊಟ್ಟೆಯದೆಲ್ಲ ಗಂಟಲಿಗೆ ಬರುತ್ತದೆ. ತಲೆಸುತ್ತು ಅಥವಾ ಕಿವಿಯ ಸೋಂಕು ಇದ್ದರೆ ಹಾಸಿಗೆ ತಿರುಗಿದ ತಕ್ಷಣ ಲೋಕವೇ ತಿರುಗುತ್ತದೆ. ಮಂಡಿ ಬದಲಾಯಿಸಿಕೊಂಡವರು, ಬೆನ್ನಿಗೆ ರಾಡು ಸ್ಕ್ರೂ ಹಾಕಿಸಿಕೊಂಡವರು ಆಪರೇಷನ್ ಮಾಡಿದ ಡಾಕ್ಟರನ್ನೇ ಕೇಳಬೇಕು. ಕಾಲಿನಿಂದ ನೇತಾಡಿದರೆ ಸೊಂಟಕ್ಕಿಂತ ಮೊದಲು ಎಳೆತ ಬೀಳುವುದು ಗಿಣ್ಣಿಗೆ, ಮಂಡಿಗೆ.

ಇನ್ನು ಕೆಲವು ಲಕ್ಷಣ ಕಂಡರೆ ಟೇಬಲ್ಲೂ ಬೇಡ, ನನ್ನ ಕ್ಲಿನಿಕ್ಕೂ ಬೇಡ, ಸೀದಾ ಆಸ್ಪತ್ರೆಗೆ ಹೋಗಿ. ಮೂತ್ರ ಕಟ್ಟುವುದು, ಮೂತ್ರ ಮಲ ಹತೋಟಿ ತಪ್ಪುವುದು, ಕೂರುವ ಜಾಗದಲ್ಲಿ ಸ್ಪರ್ಶವೇ ಗೊತ್ತಾಗದಿರುವುದು, ನಡೆಯುವಾಗ ಪಾದ ಎತ್ತಲಾಗದೆ ಚಪ್ಪಲಿ ಎಳೆಯುವುದು. ಇದರಲ್ಲಿ ಒಂದು ಇದ್ದರೂ ನರ ಸಿಕ್ಕಿಕೊಂಡಿದೆ ಅಂತ ಅರ್ಥ. ಅಂಥ ಕೇಸಿನಲ್ಲಿ ನಾಳೆ ನೋಡೋಣ ಅನ್ನಬಾರದು. ಜ್ವರದ ಜೊತೆ ಬೆನ್ನು ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಬಿದ್ದ ಮೇಲೆ ಬಂದ ನೋವು, ಇವಕ್ಕೂ ಮೊದಲು ಡಾಕ್ಟರೇ ಬೇಕು.

ಶೀರ್ಷಾಸನ ಬೇರೆ, ಇದು ಬೇರೆ

"ನಾನು ದಿನಾ ಶೀರ್ಷಾಸನ ಮಾಡ್ತೀನಿ, ಅದೂ ಇದೇ ಅಲ್ವಾ?" ಅಂತ ತುಂಬಾ ಜನ ಕೇಳುತ್ತಾರೆ. ಅಲ್ಲ. ಟೇಬಲ್ ಮೇಲೆ ನಾವು ಕಾಲಿನಿಂದ ನೇತಾಡುತ್ತೇವೆ, ಹಾಗಾಗಿ ಬೆನ್ನು ಹಿಗ್ಗುತ್ತದೆ. ಶೀರ್ಷಾಸನದಲ್ಲಿ ನೆಲದ ಮೇಲೆ ನಿಂತಿರುತ್ತೇವೆ, ನಿಂತಿರುವುದು ತಲೆ ಮತ್ತು ಕೈಯ ಮೇಲೆ ಅಷ್ಟೆ. ಕಾಲಿನ ಭಾರ, ಸೊಂಟದ ಭಾರ ಎಲ್ಲ ಬೆನ್ನುಮೂಳೆಯ ಮೇಲೇ ಕೂತು ಕುತ್ತಿಗೆವರೆಗೆ ಇಳಿಯುತ್ತದೆ. ಆಸನದ ಗುಣ ಆಸನಕ್ಕೆ ಇರಲಿ, ಬೆನ್ನು ಎಳೆಯುವ ಕೆಲಸ ಅದರಿಂದ ಆಗುವುದಿಲ್ಲ.

ಶೀರ್ಷಾಸನದ ಸ್ಟೂಲು ಅಂತ ಮಾರುವುದೂ ಇದೇ ಜಾತಿಗೆ ಸೇರುತ್ತದೆ. ಮಧ್ಯೆ ತೂತಿರುವ ಮೆತ್ತನೆಯ ಸ್ಟೂಲಿನಲ್ಲಿ ಭುಜ ಇಟ್ಟು ಕಾಲು ಎತ್ತುವುದು. ಕುತ್ತಿಗೆ ಮೇಲೆ ಭಾರ ಬೀಳುವುದಿಲ್ಲ, ಅದು ಒಳ್ಳೆಯದೇ. ಸೊಂಟ ನೋವಿಗೆ ಅಂತ ಅದನ್ನು ಕೊಳ್ಳಬೇಡಿ.

ದುಡ್ಡಿಲ್ಲದ್ದು ಮೊದಲು, ಕಡಿಮೆ ದುಡ್ಡಿನದು ಆಮೇಲೆ

ಟೇಬಲ್ ಕೇಳಿ ಬಂದವರಿಗೆ ನಾನು ಮೊದಲು ಎರಡು ವಾರ ಬೇರೆಯದನ್ನು ಮಾಡಿಸುತ್ತೇನೆ. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಮೀನಖಂಡವನ್ನು ಕುರ್ಚಿಯ ಮೇಲೆ ಇಡಿ. ಸೊಂಟ, ಮಂಡಿ ಎರಡೂ ತೊಂಬತ್ತು ಡಿಗ್ರಿಗೆ ಮಡಚಿರಬೇಕು. ಹತ್ತು ನಿಮಿಷ ಹಾಗೇ ಇರಿ. ತಲೆ ಕೆಳಗಾಗುವ ಮಾತೇ ಇಲ್ಲ, ಆದರೂ ಸೊಂಟದ ಸ್ನಾಯು ಬಿಡುತ್ತದೆ. ಬಹಳ ಜನಕ್ಕೆ ಇಷ್ಟರಲ್ಲೇ ಮುಗಿಯುತ್ತದೆ. ಹೊಸದಾಗಿ ಬಂದ ಸೊಂಟ ನೋವು ಹೆಚ್ಚಿನವರಲ್ಲಿ ಕೆಲವೇ ವಾರಗಳಲ್ಲಿ ತಾನಾಗೇ ಇಳಿಯುವಂಥದ್ದು ಅನ್ನುವುದೂ ಗೊತ್ತಿರಲಿ.

ಅದಾದ ಮೇಲೆ ಪುಲ್‌ಅಪ್ ಬಾರ್. ಇದು ನನಗೆ ತುಂಬಾ ಇಷ್ಟ, ಯಾಕೆಂದರೆ ತಲೆ ಮೇಲೇ ಇರುತ್ತದೆ. ಬಿಪಿ, ಕಣ್ಣಿನ ಚಿಂತೆ ಇರುವವರಿಗೂ ಒಂದು ದಾರಿ ಸಿಕ್ಕ ಹಾಗಾಯಿತು. ಪೂರ್ತಿ ನೇತಾಡಬೇಕಾಗಿಲ್ಲ. ಬಾರ್ ಹಿಡಿದು, ಪಾದ ನೆಲದಲ್ಲೇ ಇಟ್ಟು, ಮಂಡಿ ಮಡಚಿ ಮೈ ಸಡಿಲ ಬಿಡಿ. ಎಷ್ಟು ಭಾರ ಕೈಗೆ, ಎಷ್ಟು ಕಾಲಿಗೆ ಅನ್ನುವುದು ನಿಮ್ಮ ಕೈಯಲ್ಲೇ ಇರುತ್ತದೆ. ಇಪ್ಪತ್ತು ಮೂವತ್ತು ಸೆಕೆಂಡು ಸಾಕು. ಭುಜ ನೋವಿದ್ದವರಿಗೆ ಮಾತ್ರ ಆಗುವುದಿಲ್ಲ. ಕೊಳ್ಳುವಾಗ, ಬಾಗಿಲ ಚೌಕಟ್ಟಿನ ನಡುವೆ ತಿರುಗಿಸಿ ಬಿಗಿ ಮಾಡುವ ಬಾರ್ ಬೇಡ. ಪಾಲಿಷ್ ಹೊಡೆದ ಮರದ ಮೇಲೆ, ಗ್ರಾನೈಟ್ ಚೌಕಟ್ಟಿನ ಮೇಲೆ ಅದು ಜಾರುತ್ತದೆ. ಗೋಡೆಗೆ ಬೋಲ್ಟ್ ಹಾಕಿ ಕೂರಿಸುವುದನ್ನೇ ತನ್ನಿ. ಟೊಳ್ಳು ಬ್ಲಾಕಿನ ಗೋಡೆಯಾದರೆ ಬೋಲ್ಟ್ ಹಿಡಿಯುವುದಿಲ್ಲ, ಮೇಸ್ತ್ರಿಯನ್ನು ಕೇಳಿ ಪಿಲ್ಲರು ಅಥವಾ ಬೀಮು ಇರುವ ಕಡೆ ಹಾಕಿಸಿ.

ಹಗ್ಗದ ದಾರಿಯೂ ಇದೆ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಯೋಗ ಕಲಿತು, ಪುಣೆಯಲ್ಲಿ ಕಲಿಸಿದ ಬಿ.ಕೆ.ಎಸ್. ಅಯ್ಯಂಗಾರ್ ಗೋಡೆಗೆ ಕೊಂಡಿ ಹಾಕಿ ಹಗ್ಗ ಕಟ್ಟಿ ಆಸನ ಮಾಡಿಸುವ ಕ್ರಮವನ್ನು ಬೆಳೆಸಿದರು. ತೊಡೆಯ ಬುಡಕ್ಕೆ ಅಗಲವಾದ ಪಟ್ಟಿ ಹಾಕಿ, ಅದನ್ನು ಗೋಡೆಯ ಕೊಂಡಿಗೆ ಕಟ್ಟಿ, ಕೈಯನ್ನು ನೆಲಕ್ಕೂರಿ ಮುಂದೆ ಬಾಗಿದರೆ ಸೊಂಟ ಹಿಂದಕ್ಕೆ, ಮೈ ಮುಂದಕ್ಕೆ ಹಿಗ್ಗುತ್ತದೆ. ಕೈಕಾಲು ಎರಡೂ ನೆಲದಲ್ಲೇ ಇರುವುದರಿಂದ ಹೆದರಿಕೆ ಕಡಿಮೆ. ಇದನ್ನು ಪುಸ್ತಕ ನೋಡಿ ಕಲಿಯಬೇಡಿ, ಗೊತ್ತಿರುವವರ ಹತ್ತಿರ ಹೋಗಿ ಕಲಿಯಿರಿ.

ಯೋಗದ ಉಯ್ಯಾಲೆಯಲ್ಲಿ ಸೊಂಟದ ಕೆಳಗೆ ಬಟ್ಟೆ ಹಿಡಿದುಕೊಳ್ಳುತ್ತದೆ. ಕಾಲಿನ ಗಿಣ್ಣಿಗೂ ಮಂಡಿಗೂ ಎಳೆತವಿಲ್ಲ, ಕೈ ನೆಲಕ್ಕೆ ತಾಗುವಷ್ಟು ಎತ್ತರದಲ್ಲಿ ಕಟ್ಟಿಕೊಂಡರೆ ಭಯವೂ ಇಲ್ಲ. ಆದರೆ ತಲೆ ಪೂರ್ತಿ ಕೆಳಗೇ ಆಗುತ್ತದೆ, ಅರ್ಧ ಅನ್ನುವುದು ಇದರಲ್ಲಿಲ್ಲ. ಇದನ್ನು ತೂಗುಹಾಕುವ ಜಾಗದ ಬಗ್ಗೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಫ್ಯಾನಿನ ಕೊಕ್ಕೆಗೆ ಎಂದೂ ಕಟ್ಟಬೇಡಿ. ಅದು ಫ್ಯಾನಿನ ತೂಕಕ್ಕೆ ಹಾಕಿದ್ದು. ಫಾಲ್ಸ್ ಸೀಲಿಂಗಿಗಂತೂ ಬೇಡವೇ ಬೇಡ. ಮನೆ ಕಟ್ಟುವಾಗಲೇ ಮರದ ಉಯ್ಯಾಲೆಗೆ ಅಂತ ಸ್ಲ್ಯಾಬಿನ ಕಬ್ಬಿಣಕ್ಕೆ ಕಟ್ಟಿ ಇಳಿಬಿಟ್ಟ ಕೊಂಡಿಗಳಿದ್ದರೆ ಅವು ಸರಿ. ಹಂಚಿನ ಮನೆಯ ಹಳೆಯ ತೊಲೆಯಾದರೆ ಗೆದ್ದಲು ತಿಂದಿದೆಯಾ ಅಂತ ಬಡಗಿಗೆ ತೋರಿಸಿ ಆಮೇಲೆ ನಂಬಿ.

ಟೇಬಲ್ಲನ್ನು ಹೀಗೆ ನೋಡಿ

ಇಷ್ಟೆಲ್ಲ ದಾಟಿ ಬಂದು, ಡಾಕ್ಟರೂ ಸರಿ ಅಂದರೆ, ಟೇಬಲ್ ನೋಡೋಣ. ಸಾಮಾನ್ಯ ಟೇಬಲ್ ಹತ್ತು ಹನ್ನೆರಡು ಸಾವಿರದ ಆಸುಪಾಸಿನಿಂದ ಶುರುವಾಗುತ್ತದೆ. ಹೊರದೇಶದ ಹೆಸರಾಂತ ಬ್ರಾಂಡುಗಳಿಗೆ ಅದರ ಎಷ್ಟೋ ಪಟ್ಟು ಕೊಡಬೇಕು.

ಮೊದಲು ನೋಡಬೇಕಾದದ್ದು ಕಾಲು ಹಿಡಿಯುವ ಭಾಗ. ಇಡೀ ಮೈ ನಿಂತಿರುವುದು ಅದರ ಮೇಲೆ. ಅಗ್ಗದ ಟೇಬಲ್‌ಗಳಲ್ಲಿ ನಾಲ್ಕು ಫೋಮ್ ಉರುಳೆ ಇರುತ್ತವೆ, ಎರಡು ಪಾದದ ಮೇಲೆ, ಎರಡು ಹಿಮ್ಮಡಿಯ ಹಿಂದೆ. ಎಲ್ಲ ಭಾರವೂ ಆ ಎರಡು ಗೆರೆಯ ಮೇಲೆ ಬಿದ್ದು ಕಾಲು ಕಡಿಯುತ್ತದೆ. ಗಿಣ್ಣನ್ನು ಸುತ್ತಲೂ ಅಪ್ಪಿ ಹಿಡಿಯುವ ಬಟ್ಟಲಿನಂಥ ಹಿಡಿಕೆ ಇದ್ದರೆ ಅದಕ್ಕೆ ಸ್ವಲ್ಪ ಜಾಸ್ತಿ ಕೊಟ್ಟರೂ ಪರವಾಗಿಲ್ಲ. ಹಿಡಿಕೆ ಬಿಗಿಯಾದಾಗ ಟಕ್ ಅಂತ ಕೂರಬೇಕು, ಎಳೆದರೆ ಅಲುಗಾಡಬಾರದು. ನಾವು ಮನೆಯೊಳಗೆ ಬರಿಗಾಲಿನಲ್ಲಿ ಇರುವವರು. ಬರಿಗಾಲನ್ನು ಅದರಲ್ಲಿ ಸಿಕ್ಕಿಸಬೇಡಿ. ಇದಕ್ಕೆ ಅಂತಲೇ ಒಂದು ಜೊತೆ ಕ್ಯಾನ್ವಾಸ್ ಶೂ ಇಟ್ಟುಕೊಳ್ಳಿ, ಇಲ್ಲವೇ ದಪ್ಪ ಕಾಲುಚೀಲ ಹಾಕಿ.

ಆ ಹಿಡಿಕೆಯನ್ನು ಬಿಗಿ ಮಾಡುವ ಕೋಲು ಎಷ್ಟು ಉದ್ದ ಇದೆ ನೋಡಿದ್ದೀರಾ? ಇದನ್ನು ಯಾರೂ ಗಮನಿಸುವುದಿಲ್ಲ. ಸೊಂಟ ನೋವಿನವರು ಪಾದದವರೆಗೆ ಬಗ್ಗಿ ಲಾಕ್ ಹಾಕಬೇಕು ಅಂದರೆ, ನೋವು ಕಡಿಮೆ ಮಾಡೋಕೆ ಹೋಗಿ ಮೊದಲ ಹೆಜ್ಜೆಯಲ್ಲೇ ಸೊಂಟ ಹಿಡಿದುಕೊಳ್ಳುತ್ತದೆ. ಮಂಡಿಯ ಹತ್ತಿರ ಕೈಗೆ ಸಿಗುವಷ್ಟು ಉದ್ದದ ಹಿಡಿಕೋಲು ಇರುವುದನ್ನೇ ತಗೊಳ್ಳಿ. ಅಂಗಡಿಯಲ್ಲಿ ನಿಂತು, ಬಗ್ಗದೆ ಅದನ್ನು ಹಾಕಿ ತೆಗೆದು ನೋಡಿ.

ಎರಡನೆಯದು ತೂಕದ ಸಮತೋಲ. ಒಳ್ಳೆಯ ಟೇಬಲ್ ತಿರುಗಲು ಕೈಯಲ್ಲಿ ತಳ್ಳುವುದು ಬೇಕಾಗುವುದಿಲ್ಲ. ನಿಮ್ಮ ಎತ್ತರಕ್ಕೆ ಸರಿಯಾಗಿ ಹೊಂದಿಸಿದರೆ, ಕೈಯನ್ನು ತಲೆಯ ಮೇಲೆ ಚಾಚಿದಾಗ ಹಾಸಿಗೆ ನಿಧಾನವಾಗಿ ಹಿಂದಕ್ಕೆ ಇಳಿಯುತ್ತದೆ. ಕೈಯನ್ನು ಮತ್ತೆ ತೊಡೆಯ ಪಕ್ಕಕ್ಕೆ ತಂದು ಮಂಡಿ ಸ್ವಲ್ಪ ಮಡಚಿದರೆ ತಾನೇ ಮೇಲೆ ಬರುತ್ತದೆ. ಅಂಗಡಿಯಲ್ಲಿ, ಹಾಸಿಗೆ ಜಾಸ್ತಿ ಇಳಿಯದಂತೆ ತಡೆಯುವ ಪಟ್ಟಿ ಬಿಗಿದು, ಇದನ್ನು ಮಾಡಿ ನೋಡಿ. ಎದೆಯ ಮೇಲೆ ಕೈ ಕಟ್ಟಿಕೊಂಡಾಗ ಕಾಲಿನ ಕಡೆ ಸ್ವಲ್ಪವಷ್ಟೇ ಮೇಲೆದ್ದು ನಿಂತರೆ ಸರಿಯಾಗಿದೆ. ದಡ್ಡನೆ ಹಿಂದಕ್ಕೆ ಬಿದ್ದರೆ ಎತ್ತರದ ಅಳತೆ ಕಡಿಮೆಯಾಗಿದೆ, ಜಾಸ್ತಿ ಮಾಡಿ. ಅಲುಗಾಡದೇ ಇದ್ದರೆ ಒಂದು ತೂತು ಕಡಿಮೆ ಮಾಡಿ. ತಲೆಕೆಳಗಾಗಿ ಸಿಕ್ಕಿಕೊಂಡು ಮನೆಯವರನ್ನು ಕೂಗುವ ಪರಿಸ್ಥಿತಿ ಬರುವುದು ಹೆಚ್ಚಾಗಿ ಈ ಅಳತೆ ತಪ್ಪಿದಾಗಲೇ. ಗಂಡ ಹೆಂಡತಿ ಇಬ್ಬರೂ ಬಳಸುತ್ತೀರಾದರೆ ಪ್ರತಿ ಸಲ ಅಳತೆ ಬದಲಿಸಲೇಬೇಕು. ಅದಕ್ಕೆ ಸ್ಪಷ್ಟವಾದ ಅಂಕಿ, ಸುಲಭಕ್ಕೆ ಎಳೆಯಬಹುದಾದ ಪಿನ್ನು ಇರುವ ಮಾಡೆಲ್ ಬೇಕು. ನಮ್ಮ ಹೆಂಗಸರಲ್ಲಿ ಐದಡಿಗಿಂತ ಕಡಿಮೆ ಇರುವವರು ತುಂಬಾ ಜನ. ಕೆಲವು ಟೇಬಲ್‌ಗಳ ಅಳತೆ ಐದಡಿಯ ಹತ್ತಿರ ಶುರುವಾಗುತ್ತದೆ. ಡಬ್ಬಿಯ ಮೇಲೆ ಗರಿಷ್ಠ ಎತ್ತರ ಎಷ್ಟು ಅನ್ನುವುದಕ್ಕಿಂತ ಕನಿಷ್ಠ ಎಷ್ಟು ಅಂತ ಓದಿ.

ಮೂರನೆಯದು ಕೋನ ನಿಲ್ಲಿಸುವ ವ್ಯವಸ್ಥೆ. ಕೆಲವಕ್ಕೆ ಹಾಸಿಗೆಯ ಕೆಳಗೆ ಪಟ್ಟಿ ಇರುತ್ತದೆ, ಕೆಲವಕ್ಕೆ ಪಿನ್ನು. ಪಟ್ಟಿಯಾದರೆ ಎಷ್ಟು ಬೇಕೋ ಅಷ್ಟೇ ಬಿಡಬಹುದು. ಪಿನ್ನಾದರೆ 20, 40, 60 ಡಿಗ್ರಿ ಅಂತ ಮೂರೋ ನಾಲ್ಕೋ ಮೆಟ್ಟಿಲು. ಎರಡೂ ಇಲ್ಲದ ಟೇಬಲ್ ಬಿಟ್ಟು ಬನ್ನಿ.

ಇಲ್ಲಿ ಒಂದು ಸಣ್ಣ ಲೆಕ್ಕ ಹೇಳಬೇಕು. ಎಪ್ಪತ್ತು ಕಿಲೋ ತೂಗುವವರಲ್ಲಿ ಸೊಂಟದಿಂದ ಮೇಲೆ ಸುಮಾರು 35 ಕಿಲೋ ಅಂದುಕೊಳ್ಳಿ. ಹಾಸಿಗೆ ನೆಲಕ್ಕೆ ಸಮವಾಗಿದ್ದರೆ ಎಳೆತ ಸೊನ್ನೆ. ತಲೆ 30 ಡಿಗ್ರಿ ಇಳಿದರೆ ಸುಮಾರು 17 ಕಿಲೋ ಎಳೆತ. 60 ಡಿಗ್ರಿಗೆ 30 ಕಿಲೋ. ಪೂರ್ತಿ 90 ಡಿಗ್ರಿಗೆ 35. ಬೆನ್ನು ಹಾಸಿಗೆಗೆ ಉಜ್ಜುವುದರಿಂದ ಸಣ್ಣ ಕೋನದಲ್ಲಿ ನಿಜವಾದ ಎಳೆತ ಇದಕ್ಕಿಂತ ಕಡಿಮೆ. ಆದರೂ ವಿಷಯ ಅರ್ಥವಾಯಿತಲ್ವಾ? 60ರಿಂದ 90ಕ್ಕೆ ಹೋದರೆ ಸಿಗುವುದು ಐದೇ ಕಿಲೋ. ಅದಕ್ಕಾಗಿ ತಲೆಗೆ, ಕಣ್ಣಿಗೆ, ಗಿಣ್ಣಿಗೆ ಕೊಡುವ ಕಷ್ಟ ದೊಡ್ಡದು. ನನ್ನ ಹತ್ತಿರ ಬರುವ ಹೆಚ್ಚಿನವರಿಗೆ 30ರಿಂದ 45 ಸಾಕಾಗುತ್ತದೆ. ಪೂರ್ತಿ ತಲೆಕೆಳಗಾಗುವ ಮಾಡೆಲಿಗೆ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಹಾಸಿಗೆ ದಪ್ಪ ಮೆತ್ತೆಯದಾದರೆ ಕೈಯಲ್ಲಿ ಮುಟ್ಟಿ ನೋಡಲು ಚೆಂದ, ಆದರೆ ಅಂಗಿಯನ್ನು ಹಿಡಿದುಕೊಂಡು ಬೆನ್ನು ಜಾರಲು ಬಿಡುವುದಿಲ್ಲ. ನುಣುಪಾದ, ಸ್ವಲ್ಪ ಬಳುಕುವ ಹಾಸಿಗೆಯ ಮೇಲೆ ಮೈ ಚೆನ್ನಾಗಿ ಹಿಗ್ಗುತ್ತದೆ. ಬಿಸಿ ಮಾಡುವ, ನಡುಗಿಸುವ ಪ್ಯಾಡುಗಳು ಸುಮ್ನೆ. ಬಿಸಿನೀರಿನ ಚೀಲ ಮನೆಯಲ್ಲೇ ಇರುತ್ತದೆ.

ಚೌಕಟ್ಟಿನ ಕಾಲು ಅಗಲವಾಗಿ ಚಾಚಿಕೊಂಡಿರಬೇಕು, ತುದಿಗೆ ರಬ್ಬರ್ ಇರಬೇಕು. ನಮ್ಮ ಟೈಲ್ಸ್ ನೆಲ ಜಾರುವುದು ಗೊತ್ತೇ ಇದೆ, ಕೆಳಗೆ ರಬ್ಬರ್ ಮ್ಯಾಟ್ ಹಾಕಿ. ತೂಕದ ಮಿತಿ ಎಷ್ಟೋ ಮಾಡೆಲ್‌ಗಳಲ್ಲಿ 136 ಕಿಲೋ ಅಂತ ಬರೆದಿರುತ್ತದೆ. ನಿಮ್ಮ ತೂಕಕ್ಕೂ ಅದಕ್ಕೂ ಚೆನ್ನಾಗಿ ಅಂತರ ಇರಲಿ. ಮಲೆನಾಡಿನ ಮಳೆಗಾಲ, ಕರಾವಳಿಯ ಉಪ್ಪುಗಾಳಿ ಎರಡೂ ಕಬ್ಬಿಣಕ್ಕೆ ಶತ್ರು. ಬಣ್ಣ ಎದ್ದ ಕಡೆ, ಬೆಸುಗೆಯ ಸುತ್ತ ಬೇಗ ತುಕ್ಕು ಹಿಡಿಯುತ್ತದೆ. ಬಚ್ಚಲಿನ ಪಕ್ಕ, ತೆರೆದ ಜಗಲಿಯಲ್ಲಿ ಇಡಬೇಡಿ. ಜಾಗ ಏಳಡಿ ಉದ್ದ, ಮೂರಡಿ ಅಗಲ ಬೇಕು, ತಲೆ ಇಳಿಯುವ ಕಡೆ ಇನ್ನಷ್ಟು ಖಾಲಿ ಇರಬೇಕು. ಕೊಳ್ಳುವ ಮುಂಚೆ ಮನೆಯ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದು ನೋಡಿ, ಬೀರುವಿನ ಬಾಗಿಲು ತೆಗೆಯೋಕೆ ಆಗುತ್ತದಾ ಅಂತ. ಮಕ್ಕಳಿರುವ ಮನೆಯಲ್ಲಿ ಮಡಚಿ, ಪಟ್ಟಿ ಕಟ್ಟಿ ಗೋಡೆಗೆ ಒರಗಿಸಿಡಿ. ತಿರುಗುವ ಕೀಲಿನ ಸಂದಿಯಲ್ಲಿ ಸಣ್ಣ ಬೆರಳು ಸಿಕ್ಕಿದರೆ ಕಷ್ಟ.

ಸೆಕೆಂಡ್ ಹ್ಯಾಂಡ್ ಟೇಬಲ್ ಧಾರಾಳವಾಗಿ ಸಿಗುತ್ತದೆ. ಕೊಳ್ಳಬಹುದು. ತಿರುಗುವ ಕೀಲು, ಬೆಸುಗೆ, ಎತ್ತರದ ಪಿನ್ನಿನ ತೂತುಗಳು ಉದ್ದವಾಗಿ ಸವೆದಿವೆಯಾ ಅಂತ ನೋಡಿ. ಫೋಮ್ ಪುಡಿಯಾಗಿದ್ದರೆ ಬದಲಿಸಬಹುದು. ಕೊಳವೆ ಬಗ್ಗಿದ್ದರೆ ಬೇಡ.

ಕುರ್ಚಿಯಂಥದ್ದೂ ಒಂದಿದೆ. ಕೂತು, ಸೊಂಟಕ್ಕೂ ತೊಡೆಗೂ ಪಟ್ಟಿ ಬಿಗಿದುಕೊಂಡು ಹಿಂದಕ್ಕೆ ವಾಲುವುದು. ಗಿಣ್ಣು, ಮಂಡಿ ನೋವಿದ್ದವರಿಗೆ ಇದೇ ಮೇಲು. ಹತ್ತಿ ಇಳಿಯುವುದೂ ಸುಲಭ. ನಮ್ಮಲ್ಲಿ ಸಿಗುವುದು ಕಡಿಮೆ, ಜಾಗ ಜಾಸ್ತಿ ತಿನ್ನುತ್ತದೆ. ಕಾಲಿಗೆ ಬೂಟಿನಂಥದ್ದು ಕಟ್ಟಿ ಬಾರಿಗೆ ನೇತುಹಾಕಿಕೊಳ್ಳುವ ಗ್ರಾವಿಟಿ ಬೂಟ್ಸ್ ಬಗ್ಗೆ ಒಂದೇ ಮಾತು. ಅದರಿಂದ ಕೆಳಗೆ ಇಳಿಯಬೇಕಾದರೆ ತಲೆಕೆಳಗಾಗಿ ನೇತಾಡುತ್ತಲೇ ಹೊಟ್ಟೆಯ ಬಲದಿಂದ ಮೇಲಕ್ಕೆ ಮಡಚಿಕೊಂಡು ಬಾರ್ ಹಿಡಿಯಬೇಕು. ಬೆನ್ನು ನೋವಿದ್ದವರಿಗೆ ಅದು ಆಗದ ಕೆಲಸ.

ಮನೆಗೆ ಬಂದ ಮೇಲೆ

ಮೊದಲ ಕೆಲವು ದಿನ ಪಕ್ಕದಲ್ಲಿ ಒಬ್ಬರು ಇರಲೇಬೇಕು. ಊಟವಾಗಿ ಎರಡು ಗಂಟೆ ಕಳೆದಿರಲಿ. ಸೀರೆ, ಲುಂಗಿ ಬೇಡ, ಟ್ರ್ಯಾಕ್ ಪ್ಯಾಂಟ್ ಹಾಕಿ. ಸರ, ಕನ್ನಡಕ ತೆಗೆದಿಡಿ, ಜೇಬು ಖಾಲಿ ಮಾಡಿ.

ಮೊದಲ ವಾರ 15ರಿಂದ 20 ಡಿಗ್ರಿ, ಒಂದೆರಡು ನಿಮಿಷ. ಅಷ್ಟರಲ್ಲಿ ಏನೂ ಆಗಲಿಲ್ಲ ಅನ್ನಿಸುತ್ತದೆ. ಅನ್ನಿಸಲಿ. ಉಸಿರು ಬಿಗಿ ಹಿಡಿಯದೆ ಮೈ ಸಡಿಲ ಬಿಡುವುದು ಕಲಿಯುವುದಕ್ಕೇ ಒಂದು ವಾರ ಬೇಕು. ಸ್ನಾಯು ಬಿಗಿದುಕೊಂಡಿದ್ದರೆ ಎಷ್ಟು ಡಿಗ್ರಿ ಇಳಿದರೂ ಬೆನ್ನು ಹಿಗ್ಗುವುದಿಲ್ಲ. ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಕೋನ ಜಾಸ್ತಿ ಮಾಡಿ, ಹೊತ್ತನ್ನು ಐದು ನಿಮಿಷಕ್ಕೆ ತನ್ನಿ. ನಾನು ಸಂಜೆ ಮಾಡಿ ಅನ್ನುತ್ತೇನೆ, ದಿನದ ಭಾರವೆಲ್ಲ ಬಿದ್ದ ಮೇಲೆ. ತಲೆಕೆಳಗಾಗಿ ಹೊಟ್ಟೆಯ ವ್ಯಾಯಾಮ ಮಾಡುವ ವಿಡಿಯೋಗಳನ್ನು ನೋಡಿ ಹಾಗೆ ಮಾಡಬೇಡಿ.

ಏಳುವಾಗ ನಿಧಾನ. ಹಾಸಿಗೆ ನೆಲಕ್ಕೆ ಸಮವಾದ ಕಡೆ ನಿಂತು ಒಂದೆರಡು ನಿಮಿಷ ಹಾಗೇ ಮಲಗಿರಿ. ಸೀದಾ ನಿಂತರೆ ತಲೆ ತಿರುಗುತ್ತದೆ, ಸಡಿಲವಾದ ಬೆನ್ನಿನ ಮೇಲೆ ಒಮ್ಮೆಲೇ ಭಾರ ಬಿದ್ದು ಸೊಂಟ ಹಿಡಿದುಕೊಳ್ಳಲೂಬಹುದು. ಇಳಿದ ಮೇಲೆ ಕೂರಬೇಡಿ. ಮನೆಯ ಸುತ್ತ ಹತ್ತು ನಿಮಿಷ ನಡೆಯಿರಿ. ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವ ವ್ಯಾಯಾಮ ಮಾಡಿ.

ಉಪಯೋಗವಾಗುತ್ತಿದೆಯಾ ಅಂತ ತಿಳಿಯಲು ನೋವು ಎಲ್ಲಿದೆ ಅನ್ನುವುದನ್ನು ಗಮನಿಸಿ. ಪಾದದವರೆಗೆ ಇಳಿಯುತ್ತಿದ್ದ ನೋವು ಮೀನಖಂಡಕ್ಕೆ, ತೊಡೆಗೆ, ಸೊಂಟಕ್ಕೆ ಹಿಂದೆ ಸರಿಯುತ್ತಿದ್ದರೆ ಒಳ್ಳೆಯದು, ಸೊಂಟದಲ್ಲಿ ಸ್ವಲ್ಪ ಜಾಸ್ತಿಯಾದಂತೆ ಕಂಡರೂ ಹೆದರಬೇಡಿ. ಸೊಂಟದಲ್ಲಿದ್ದ ನೋವು ಕೆಳಗೆ ಕೆಳಗೆ ಇಳಿಯುತ್ತಿದ್ದರೆ, ಜೋಮು ಜಾಸ್ತಿಯಾದರೆ, ಅವತ್ತೇ ನಿಲ್ಲಿಸಿ. ತಲೆನೋವು, ಕಣ್ಣು ಭಾರವಾಗುವುದು, ಕಣ್ಣು ಮಂಜಾಗುವುದು, ಕಿವಿ ಗುಯ್ಯೆನ್ನುವುದು ಬಂದರೂ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ವಾರಕ್ಕೊಮ್ಮೆ ಬೋಲ್ಟುಗಳನ್ನು ಸ್ಪ್ಯಾನರ್‌ನಿಂದ ಮುಟ್ಟಿ ನೋಡಿ. ಕಾಲಿನ ಹಿಡಿಕೆಯ ಲಾಕ್ ಅನ್ನು ಹತ್ತುವ ಮುಂಚೆ ಪ್ರತಿ ಸಲವೂ ಕೈಯಲ್ಲಿ ಎಳೆದು ನೋಡಿ. ಬಂದ ಡಬ್ಬಿಯನ್ನು, ಬಿಲ್ಲನ್ನು ಮಾರಿದವರು ವಾಪಸ್ ತಗೊಳ್ಳುವ ದಿನ ಮುಗಿಯುವವರೆಗೆ ಇಟ್ಟುಕೊಳ್ಳಿ. ನಡಿಗೆ, ವ್ಯಾಯಾಮದ ಜೊತೆ ನಾಲ್ಕು ವಾರ ಬಿಡದೆ ಬಳಸಿದ ಮೇಲೂ ಕೂರುವುದು, ಏಳುವುದು, ಮಲಗುವುದರಲ್ಲಿ ಏನೂ ಬದಲಾಗದಿದ್ದರೆ ನಿಮ್ಮ ಬೆನ್ನಿಗೆ ಇದು ಹಿಡಿಸಲಿಲ್ಲ ಅಂತಲೇ ತಿಳಿಯಿರಿ. ಕೋನ ಜಾಸ್ತಿ ಮಾಡಬೇಡಿ. ಟೇಬಲ್ ಮಾರಿಬಿಡಿ, ಬೆನ್ನನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿ.